ಹಳೇ ಬಾಡಿ, ಒಂದೇ ಫ್ಲ್ಯಾಶ್: ಫೋಟೋಗ್ರಫಿ ಬಿಸಿನೆಸ್ ಶುರು ಮಾಡಿದ ನನ್ನ ಅನುಭವ

ಮೊನ್ನೆ ದೂರದ್ದನ್ನ ಹತ್ರ ತರೋ 70-200 ಎಂಎಂ ಎಫ್/2.8 ಝೂಮ್ ಲೆನ್ಸ್ ತಗೊಂಡೆ. ಸೆಕೆಂಡ್‌ಹ್ಯಾಂಡೇ, ಆದ್ರೆ ಸಾಲ ಇಲ್ಲ, ಇಎಂಐ ಇಲ್ಲ, ಪೂರ್ತಿ ದುಡಿಮೆಯ ದುಡ್ಡು. ಎರಡು ವರ್ಷದ ಹಿಂದೆ ನಾನು ಯಾರ ಹತ್ರ ಅಸಿಸ್ಟೆಂಟ್ ಆಗಿದ್ನೋ ಅವ್ರೇ "ಇಷ್ಟು ಸಾಮಾನಲ್ಲಿ ಪ್ರೊಫೆಷನಲ್ ಅಂತ ಬೋರ್ಡ್ ಹಾಕ್ಕೊಂಡ್ರೆ ಆರು ತಿಂಗಳೂ ನಡೆಯಲ್ಲ" ಅಂದಿದ್ರು. ನಡೀತು. ಹೇಗೆ ನಡೀತು ಅಂತ ಬರೀತೀನಿ, ಲೆಕ್ಕ ಎಲ್ಲಾ ನೆನಪಿಂದ, ಅಲ್ಲಲ್ಲಿ ಹೆಚ್ಚು ಕಮ್ಮಿ ಇರಬಹುದು.

ನನ್ನ ಕೈಲಿದ್ದ ಒಟ್ಟು ದುಡ್ಡನ್ನ 100 ಅಂತ ಇಟ್ಕೊಳ್ಳಿ. ಅದ್ರಲ್ಲಿ ಕ್ಯಾಮೆರಾ ಬಾಡಿ (ಲೆನ್ಸ್ ಇಲ್ಲದ ಬರೀ ಕ್ಯಾಮೆರಾ) ಕೊಳ್ಳೋಕೆ ಹೋಗಿದ್ದು 38, ಎರಡು ಲೆನ್ಸಿಗೆ 20, ಫ್ಲ್ಯಾಶ್, ಅದನ್ನ ದೂರದಿಂದ ಹೊಡೆಸೋ ಟ್ರಿಗರ್, ಸ್ಟ್ಯಾಂಡ್, ಬೆಳಕು ಹರಡೋ ಅಂಬ್ರೆಲಾ ಎಲ್ಲಾ ಸೇರಿ 17, ಕಾರ್ಡು, ಬ್ಯಾಟರಿ, ಎರಡು ಹಾರ್ಡ್‌ಡಿಸ್ಕ್‌ಗೆ 15. ಮಿಕ್ಕ 10 ಮುಟ್ಟಲೇ ಇಲ್ಲ. ಆ ಹತ್ತನ್ನ ಹಾಗೇ ಇಟ್ಟಿದ್ದೇ ನನ್ನ ಉಳಿಸಿದ್ದು, ಯಾಕಂದ್ರೆ ಎರಡನೇ ತಿಂಗಳಲ್ಲೇ ಸ್ಟ್ಯಾಂಡ್ ಗಾಳಿಗೆ ಬಿದ್ದು ಫ್ಲ್ಯಾಶ್ ತಲೆ ಮುರೀತು. ಈಗ ಹೊರಗಡೆ ಅಂಬ್ರೆಲಾ ತೆಗೆದ್ರೆ ಐದು ಲೀಟರ್ ನೀರಿನ ಕ್ಯಾನ್ ಕಟ್ಟದೆ ಬಿಡಲ್ಲ.

ಬಾಡಿ ಯಾವ್ದು ಅಂದ್ರೆ ನಿಕಾನ್ ಡಿ7000. 2010ರ ಮಾಡೆಲ್, 16 ಮೆಗಾಪಿಕ್ಸೆಲ್. ಇಷ್ಟು ಹಳೇದು ಯಾಕೆ ಅಂತ ಎಲ್ರೂ ಕೇಳ್ತಾರೆ. ಇದಕ್ಕೂ ಮುಂಚೆ ನಾನು ಒಂದ್ಸಲ ಶುರು ಮಾಡಿ ಸೋತಿದ್ದೆ, ಆಗ ಹೊಸಾ ಎಂಟ್ರಿ ಲೆವೆಲ್ ಕಿಟ್ ಇತ್ತು, ವಾರಂಟಿ ಇತ್ತು, ಡಬ್ಬ ಹೊಳೀತಿತ್ತು, ಆದ್ರೆ ಕಾರ್ಡ್ ಸ್ಲಾಟ್ ಒಂದೇ. ಒಂದು ನಿಶ್ಚಿತಾರ್ಥದ ಕೆಲ್ಸದಲ್ಲಿ ಕಾರ್ಡ್ ಕೈ ಕೊಡ್ತು. ಕಳೆದುಹೋದ ಫೈಲ್ ಹುಡುಕೋ ಫೋಟೋರೆಕ್ ಸಾಫ್ಟ್‌ವೇರ್ ಹಾಕಿ ರಾತ್ರಿಯೆಲ್ಲಾ ಕೂತು ಮೂರರಲ್ಲಿ ಎರಡು ಭಾಗ ಫೋಟೋ ವಾಪಸ್ ತಂದೆ, ಉಂಗುರ ಹಾಕೋ ಹೊತ್ತಿನದ್ದು ಮಾತ್ರ ಬರ್ಲಿಲ್ಲ. ಪೂರ್ತಿ ದುಡ್ಡು ವಾಪಸ್ ಕೊಟ್ಟೆ, ಆ ಮನೆಯವ್ರ ಮುಖ ಇವತ್ತಿಗೂ ಕಣ್ಣ ಮುಂದೆ ಇದೆ. ಆ ಕಿಟ್ ಮಾರ್ದೆ. ಎರಡು ಸ್ಲಾಟ್ (ಒಂದೇ ಫೋಟೋ ಎರಡು ಕಾರ್ಡಿಗೂ ಬೀಳೋ ಹಾಗೆ) ಇಲ್ದೇ ಇರೋ ಬಾಡಿ ಹಿಡ್ಕೊಂಡು ಯಾರ ಹತ್ರನೂ ಅಡ್ವಾನ್ಸ್ ತಗೊಳ್ಳಲ್ಲ ಅಂತ ಅವತ್ತೇ ತೀರ್ಮಾನ ಮಾಡಿದ್ದು. ನನ್ನ ಬಜೆಟ್ಟಲ್ಲಿ ಎರಡು ಎಸ್‌ಡಿ ಸ್ಲಾಟ್, ಬಾಡಿ ಒಳಗೇ ಫೋಕಸ್ ಮೋಟರ್ ಎರಡೂ ಇದ್ದಿದ್ದು ಇದೊಂದೇ. ಮೋಟರ್ ಇದ್ರೆ ತಮ್ಮೊಳಗೆ ಮೋಟರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್‌ಗಳೂ ಆಟೋಫೋಕಸ್ ಆಗ್ತವೆ, ಅವು ಸೆಕೆಂಡ್‌ಹ್ಯಾಂಡಲ್ಲಿ ಅಗ್ಗ. ಹಾಗಾಗಿ 50 ಎಂಎಂ ಎಫ್/1.8ಡಿ, ಜೊತೆಗೆ 35 ಎಂಎಂ ಎಫ್/1.8 ಡಿಎಕ್ಸ್. ಅಷ್ಟೇ. ಝೂಮ್ ಇಲ್ದೆ ಎಂಟು ತಿಂಗಳು ಕೆಲ್ಸ ಮಾಡಿದೀನಿ, ನನ್ನ ಕಾಲೇ ಝೂಮು.

ಲೆನ್ಸಲ್ಲೂ ಒಂದು ಪೆಟ್ಟು ತಿಂದೆ. 85 ಎಂಎಂ ಒಂದು ತುಂಬಾ ಕಮ್ಮಿಗೆ ಸಿಗ್ತು ಅಂತ ಆಸೆಗೆ ಬಿದ್ದು ತಗೊಂಡೆ, ಮುಂದಿನ ಗಾಜು ಕನ್ನಡಿ ತರ ಇತ್ತು, ಮನೆಗೆ ತಂದು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದ್ರೆ ಒಳಗೆ ಜೇಡರ ಬಲೆ ತರ ಫಂಗಸ್. ನೆರಳಲ್ಲಿ ಪರ್ವಾಗಿಲ್ಲ, ಎದುರುಬೆಳಕು ಬಿತ್ತು ಅಂದ್ರೆ ಫೋಟೋ ಮೇಲೆ ಹಾಲು ಚೆಲ್ಲಿದ ಹಾಗೆ. ಫಂಗಸ್ ಇದೆ ಅಂತ ಹೇಳೇ ಅರ್ಧ ರೇಟಿಗೆ ಮಾರ್ದೆ. ಟಾರ್ಚ್ ಈಗ ಕ್ಯಾಮೆರಾ ಬ್ಯಾಗಲ್ಲೇ ಇರತ್ತೆ.

ಬೆಳಕಿನ ವಿಷಯಕ್ಕೆ ಬಂದ್ರೆ ಒಂದೇ ಮ್ಯಾನುಯಲ್ ಫ್ಲ್ಯಾಶ್, ಟಿಟಿಎಲ್ (ಎಷ್ಟು ಬೆಳಕು ಬೇಕು ಅಂತ ತಾನೇ ಅಳೆದು ಹಾಕೋದು) ಇಲ್ಲ. ಎಲ್ರೂ ನಕ್ಕಿದ್ದು ಇದಕ್ಕೇ. ಮೊದಲ ಮೂರ್ನಾಕು ಕೆಲ್ಸದಲ್ಲಿ ನಂಗೂ ಅಳು ಬರೋ ಹಾಗಾಯ್ತು, ಹತ್ತರಲ್ಲಿ ಎರಡು ಸಲ ಫ್ಲ್ಯಾಶ್ ಬೀಳ್ತಾನೇ ಇರ್ಲಿಲ್ಲ, ಟ್ರಿಗರ್ ಕೆಟ್ಟಿದೆ ಅನ್ಕೊಂಡು ಇನ್ನೊಂದು ಜೊತೆ ತಗೊಂಡೆ, ಅದೂ ಹಾಗೇ. ಕೊನೆಗೆ ನೋಡಿದ್ರೆ ತಪ್ಪು ಬ್ಯಾಟರಿದು. ಆಲ್ಕಲೈನ್ ಸೆಲ್ ಸ್ವಲ್ಪ ಖಾಲಿ ಆದ್ರೂ ರೀಸೈಕಲ್ (ಫ್ಲ್ಯಾಶ್ ಮತ್ತೆ ಚಾರ್ಜ್ ತುಂಬ್ಕೊಳ್ಳೋದು) ನಿಧಾನ ಆಗೋಗತ್ತೆ, ನಾನು ಅದು ತುಂಬೋದ್ರೊಳಗೆ ಮತ್ತೆ ಕ್ಲಿಕ್ ಮಾಡ್ತಿದ್ದೆ. ರೀಚಾರ್ಜ್ ಆಗೋ ಎನೆಲೂಪ್ ಸೆಲ್ ನಾಲ್ಕು ಸೆಟ್ ತಗೊಂಡ್ಮೇಲೆ ಆ ತಲೆನೋವು ಹೋಯ್ತು. ಇನ್ನೊಂದು, ಬಾಡಿಯ ಸಿಂಕ್ ಸ್ಪೀಡ್ (ಫ್ಲ್ಯಾಶ್ ಜೊತೆ ಹೊಂದೋ ಗರಿಷ್ಠ ಶಟರ್ ವೇಗ) 1/250 ಅಂತಿದ್ರೂ ಅಗ್ಗದ ಟ್ರಿಗರಲ್ಲಿ ಫ್ರೇಮಿನ ಒಂದು ಕಡೆ ಕಪ್ಪು ಪಟ್ಟಿ ಬರ್ತಿತ್ತು. 1/160ಕ್ಕೆ ಇಳಿಸಿದೆ, ಅಲ್ಲಿಂದ ಏರಿಸಿಲ್ಲ.

ಹಾಲ್‌ಗಳಲ್ಲಿರೋ ಎಲ್‌ಇಡಿ ಲೈಟಿಂದ ಫೋಟೋದಲ್ಲಿ ಬರೋ ಪಟ್ಟಿಗಳು ಬೇರೆ. ಒಂದು ಇಡೀ ಸಂಜೆ 1/500 ಶಟರ್ ವೇಗದಲ್ಲಿ ತೆಗ್ದು ಅರ್ಧಕ್ಕರ್ಧ ಫ್ರೇಮಲ್ಲಿ ಅಡ್ಡಗೆರೆ. 50 ಹರ್ಟ್ಸ್ ಕರೆಂಟ್ ಇರೋ ಕಡೆ 1/100, 60 ಇರೋ ಕಡೆ 1/125, ಹಾಲಿಗೆ ಹೋದ ತಕ್ಷಣ ಮೊದಲು ಒಂದು ಟೆಸ್ಟ್ ಶಾಟ್, ಆಮೇಲೇ ಮಿಕ್ಕಿದ್ದು.

ಗುಂಪು ಫೋಟೋಗೆ ಒಂದೇ ಫ್ಲ್ಯಾಶ್ ಸಾಲಲ್ಲ ಅಂತಾರೆ. ಹತ್ರ ಇಟ್ರೆ ಸಾಲಲ್ಲ ನಿಜ, ಪಕ್ಕದವ್ರು ಬೆಳ್ಳಗೆ, ಕೊನೆಯವ್ರು ಕತ್ಲೆ. ಐದು ಮೀಟರ್ ಹಿಂದಕ್ಕೆ ತಗೊಂಡು ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸೋ ಮಟ್ಟ) 800, ಅಪರ್ಚರ್ (ಲೆನ್ಸಲ್ಲಿ ಬೆಳಕು ಬರೋ ತೂತು) ಎಫ್/5.6 ಮಾಡಿದ್ರೆ ಹನ್ನೆರಡು ಜನರ ಮೇಲೂ ಒಂದೇ ಸಮ ಬೀಳತ್ತೆ. ದೊಡ್ಡ ಹಾಲಲ್ಲಿ ಡ್ಯಾನ್ಸ್ ನಡೀವಾಗ ಆ ಒಂದು ಫ್ಲ್ಯಾಶನ್ನ ನಾನು ಎಲ್ಲಿಡ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ನಂಗೆ ಅರ್ಧ ಕೆಲ್ಸ ಬರೋದೇ ಆ ಫೋಟೋಗಳನ್ನ ನೋಡಿ.

ದುಡ್ಡಿನ ವಿಷಯ. ಮೊದಲನೇ ವರ್ಷ ಒಂದು ದಿನದ ಕೆಲ್ಸಕ್ಕೆ 6 ತಗೊಳ್ತಿದ್ದೆ, ಅದೇ ಮೇಲಿನ ನೂರರ ಲೆಕ್ಕದಲ್ಲಿ. ಕೆಲ್ಸ ಬೇಕಾದಷ್ಟು, ಕೈಲಿ ಮಾತ್ರ ಏನೂ ಉಳೀತಿರ್ಲಿಲ್ಲ. ಒಂದು ಕೆಲ್ಸಕ್ಕೆ ಗಡಿಯಾರ ಇಟ್ಟು ಬರ್ಕೊಂಡೆ: ಶೂಟ್ 8 ಗಂಟೆ, ಓಡಾಟ 2, ಸುಮಾರು 1,400 ಫೋಟೋದಲ್ಲಿ ಆರಿಸೋಕೆ 3, ಡಾರ್ಕ್‌ಟೇಬಲ್ ಸಾಫ್ಟ್‌ವೇರಲ್ಲಿ ಎಡಿಟ್ 14, ಆಲ್ಬಮ್ ಮಾತುಕತೆ 2. ಅಂದ್ರೆ 29 ಗಂಟೆ, ಬಿಲ್ ಹಾಕಿದ್ದು ಎಂಟು ಗಂಟೆಗೆ. ಮಾರನೇ ದಿನದಿಂದ ರೇಟು 11 ಮಾಡಿದೆ. ಫೋನ್ ಬರೋದು ಅರ್ಧಕ್ಕೆ ಇಳೀತು, ಎರಡು ತಿಂಗಳು ನಿದ್ದೆ ಬರ್ಲಿಲ್ಲ, ವಾಪಸ್ 8ಕ್ಕೆ ಇಳಿಸೋಣ ಅಂತ ಮೂರು ಸಲ ಅನ್ಸಿತ್ತು. ಇಳಿಸ್ಲಿಲ್ಲ. ಅರ್ಧ ಕೆಲ್ಸದಲ್ಲಿ ಮೊದಲಿನಷ್ಟೇ ದುಡ್ಡು ಬಂತು, ಎಡಿಟ್ ಮಾಡೋಕೆ ಟೈಮ್ ಸಿಕ್ತು, ಫೋಟೋ ಚೆನ್ನಾಗಾಯ್ತು, ಆಮೇಲೆ ಫೋನೂ ಬಂತು.

ಪ್ರತಿ ಕೆಲ್ಸದಲ್ಲಿ ಬಂದಿದ್ರಲ್ಲಿ ಕಾಲು ಭಾಗ ಬೇರೆ ಅಕೌಂಟಿಗೆ, ಅದು ಗೇರ್‌ಗೆ ಮಾತ್ರ. ಕೊಳ್ಳೋಕೂ ಒಂದು ಕಟ್ಟುನಿಟ್ಟು ಇಟ್ಕೊಂಡಿದ್ದೆ: ಬೇಕಾದ ಲೆನ್ಸ್ ಮೊದಲು ದಿನಬಾಡಿಗೆಗೆ ತರೋದು, ಕೊಟ್ಟ ಬಾಡಿಗೆ ಒಟ್ಟು ಸೇರಿ ಆ ಲೆನ್ಸಿನ ಸೆಕೆಂಡ್‌ಹ್ಯಾಂಡ್ ರೇಟಿನ ಮೂರನೇ ಒಂದು ಭಾಗ ಮುಟ್ಟೋವರೆಗೂ ಕೊಳ್ಳಂಗಿಲ್ಲ. ಅದೇ ನೂರರ ಲೆಕ್ಕದಲ್ಲಿ 70-200ಗೆ ರೇಟು 64, ದಿನಕ್ಕೆ ಬಾಡಿಗೆ 2, ಹನ್ನೊಂದು ಸಲ ತಂದ್ಮೇಲೆ ಆ ಗೆರೆ ದಾಟ್ತು. ಬಾಡಿಗೆಗೆ ದುಡ್ಡು ಸುಮ್ನೆ ಹೋಯ್ತಲ್ಲ ಅಂತ ಬೈದವ್ರು ಬಹಳ ಜನ. ಆದ್ರೆ ನಾನು ಮೊದಲು ಆಸೆಪಟ್ಟಿದ್ದು ಅಂಚು ಬಾಗಿಸಿ ತುಂಬಾ ಅಗಲಕ್ಕೆ ತೆಗೆಯೋ ಫಿಶ್‌ಐ ಲೆನ್ಸ್ ಮೇಲೆ, ಎರಡೇ ಸಲ ಬಾಡಿಗೆಗೆ ತಂದೆ, ಮೂರನೇ ಸಲ ಬೇಕು ಅಂತ ಅನ್ನಿಸ್ಲೇ ಇಲ್ಲ. ಕೊಂಡಿದ್ರೆ 30 ಕಪಾಟಲ್ಲಿ ಕೂತಿರ್ತಿತ್ತು.

ಮಧ್ಯೆ ಇನ್ನೊಂದು ಪ್ರಯೋಗ. ಕೆಲ್ಸ ಕಮ್ಮಿ ಇದ್ದ ಆ ಎರಡು ತಿಂಗಳು ಆನ್‌ಲೈನಲ್ಲಿ ಒಡವೆ ಮಾರೋವ್ರಿಗೆ ಪ್ರಾಡಕ್ಟ್ ಫೋಟೋ ಮಾಡ್ಕೊಟ್ಟೆ. ಸಣ್ಣ ವಸ್ತು ಹತ್ರದಿಂದ ದೊಡ್ಡದಾಗಿ ತೆಗೆಯೋ ಮ್ಯಾಕ್ರೋ ಲೆನ್ಸ್ ಇಲ್ಲ, ರಿವರ್ಸ್ ರಿಂಗ್ ಹಾಕಿ 50 ಎಂಎಂ ತಿರುಗಿಸಿ ಸಿಕ್ಕಿಸಿದೆ. ಹಳೇ ಡಿ ಲೆನ್ಸಲ್ಲಿ ಅಪರ್ಚರ್ ರಿಂಗ್ ಇರೋದ್ರಿಂದ ತಿರುಗಿಸಿದ್ರೂ ಎಫ್/11ಗೆ ಕೈಯಲ್ಲೇ ಇಡಬಹುದು, ಹೊಸಾ ಜಿ ಲೆನ್ಸಲ್ಲಿ ಆ ರಿಂಗೇ ಇಲ್ಲ. ಹತ್ರ ಹೋದಷ್ಟೂ ಲೆನ್ಸಿನ ನೆರಳೇ ಒಡವೆ ಮೇಲೆ ಬೀಳತ್ತೆ, ಅದಕ್ಕೆ ಥರ್ಮಾಕೋಲ್ ಡಬ್ಬಕ್ಕೆ ಪಕ್ಕದಲ್ಲಿ ಕಿಟಕಿ ಕೊರೆದು ಟ್ರೇಸಿಂಗ್ ಪೇಪರ್ ಅಂಟಿಸಿದೆ, ಫ್ಲ್ಯಾಶ್ ಆಚೆಯಿಂದ. ಮೊದಲು ಬಟರ್ ಪೇಪರ್ ಹಾಕಿದ್ದೆ, ಬಿಳಿ ಬಣ್ಣ ಹಳದಿಗೆ ತಿರುಗ್ತು. ಒಂದು ಉಂಗುರಕ್ಕೆ ಫೋಕಸ್ ಸರಿಸ್ತಾ ಎಂಟು ಶಾಟ್, ಆಮೇಲೆ ಜೋಡಿಸೋದು. ಚಿನ್ನದ ಮೇಲೆ ಹೊಳಪಿನ ಗೆರೆ ನೇರವಾಗಿ ಬರೋಕೆ ಡಬ್ಬದೊಳಗೆ ಇನ್ನೊಂದು ಸಾಮಾನು ಇಡ್ತೀನಿ, ಅದು ನನ್ನ ಹತ್ರಾನೇ ಇರ್ಲಿ. ಮನೆ ಬಾಡಿಗೆ ಆ ಎರಡು ತಿಂಗಳು ಕಟ್ಟಿದ್ದು ಈ ಡಬ್ಬದಿಂದಲೇ.

ಕ್ಲೈಂಟ್ ಕ್ಯಾಮೆರಾ ನೋಡಿ ದುಡ್ಡು ಕೊಡ್ತಾರೆ ಅಂತಾನೂ ಶುರುವಲ್ಲಿ ಹೆದರಿಸಿದವ್ರು ಇದ್ರು. ಇಷ್ಟು ದಿನದಲ್ಲಿ ಅರವತ್ತು ಚಿಲ್ಲರೆ ಕೆಲ್ಸ ಆಗಿದೆ, ಮಾಡೆಲ್ ಯಾವ್ದು ಅಂತ ಕೇಳಿದ್ದು ಒಬ್ರೇ. ಅವ್ರಿಗೆ 12x18 ಇಂಚಿನ ಪ್ರಿಂಟ್ ಕೈಗೆ ಕೊಟ್ಟೆ, ಲೆಕ್ಕದಲ್ಲಿ ಅದು 270 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಚಿಲ್ಲರೆ ಬೀಳತ್ತೆ, 300 ಇಲ್ಲ, ಕಣ್ಣಿಗೆ ಹತ್ರ ಹಿಡಿದು ನೋಡಿದ್ರು, ಅಡ್ವಾನ್ಸ್ ಅಲ್ಲೇ ಕೊಟ್ರು. ಅವ್ರ ತಂಗಿ ಮದುವೆನೂ ನಾನೇ ಮಾಡಿದ್ದು.

ಕತ್ಲೇಲಿ ಡಿ7000 ಕಷ್ಟ ಕೊಡೋದು ನಿಜ. ಐಎಸ್‌ಒ 3200 ದಾಟಿದ್ರೆ ನೆರಳಲ್ಲಿ ಗ್ರೇನ್ ಎದ್ದು ಕಾಣತ್ತೆ, ಮಧ್ಯದ ಫೋಕಸ್ ಪಾಯಿಂಟ್ ಬಿಟ್ಟು ಬೇರೆದನ್ನ ನಂಬೋಕಾಗಲ್ಲ. ತಗೊಂಡಾಗ ಶಟರ್ ಕೌಂಟ್ (ಕ್ಯಾಮೆರಾ ಅಲ್ಲಿವರೆಗೆ ಹೊಡೆದ ಕ್ಲಿಕ್‌ಗಳ ಎಣಿಕೆ) 38 ಸಾವಿರದ ಹತ್ರ ಇತ್ತು, ಈಗ 1 ಲಕ್ಷ 20 ಸಾವಿರ ದಾಟಿದೆ, ಕಂಪನಿ ಟೆಸ್ಟ್ ಮಾಡಿರೋದು ಒಂದೂವರೆ ಲಕ್ಷಕ್ಕೆ. ಗೇರ್ ಅಕೌಂಟಲ್ಲಿ ಸದ್ಯ 9 ಉಳಿದಿದೆ. ಮುಂದಿನ ಬಾಡಿ ನಿಕಾನ್ ಡಿ750 ಇರಬಹುದು ಅಂತ ಮೂರು ಸಲ ಬಾಡಿಗೆಗೆ ತಂದು ನೋಡಿದೀನಿ, ಗೆರೆ ಮುಟ್ಟೋಕೆ ಇನ್ನೂ ನಾಲ್ಕೈದು ಸಲ ಬಾಕಿ.