ರಾತ್ರಿ ಹಿಮ ಗಟ್ಟಿಯಾಗಿತ್ತೇ?

ಸಿಯಾಟಲ್‌ಗೆ ಬಂದ ಎರಡನೇ ವರ್ಷದ ಮಾತು. ಮೇ ತಿಂಗಳ ಒಂದು ಮಧ್ಯಾಹ್ನ, ಮೌಂಟ್ ರೇನಿಯರ್‌ನ ಪನೋರಮಾ ಪಾಯಿಂಟ್ ಕೆಳಗಿನ ಇಳಿಜಾರಿನಲ್ಲಿ ಸ್ಕೀ ಮಾಡುತ್ತಾ ಇಳಿಯುತ್ತಿದ್ದೆ. ಮೇಲಿಂದ ಬರುತ್ತಿದ್ದ ಗೆಳೆಯ ತಿರುವು ತೆಗೆದುಕೊಂಡಾಗ ಒಂದು ಬೊಗಸೆ ಹಿಮ ಉರುಳಿತು. ಅಕ್ಕಪಕ್ಕದ್ದನ್ನೂ ಸೇರಿಸಿಕೊಳ್ಳುತ್ತಾ ಬೀಸಣಿಗೆಯಂತೆ ಅಗಲವಾಗಿ ಬಂದು ನನ್ನನ್ನೂ ಎಳೆದುಕೊಂಡಿತು. ಅಂಥ ವೇಗವೇನೂ ಇರಲಿಲ್ಲ. ಆದರೆ ಮಂಡಿಯವರೆಗೆ ಹೂತು ನಿಂತ ಮರುಗಳಿಗೆಯೇ ಅದು ಕಾಂಕ್ರೀಟ್ ಹಾಗೆ ಬಿಗಿದುಕೊಂಡಿತು. ಸಲಿಕೆಯಿಂದ ಅಗೆದು ನನ್ನ ಒಂದು ಕಾಲು ಬಿಡಿಸಲು ಅವನಿಗೆ ಕಾಲು ಗಂಟೆ ಹಿಡಿಯಿತು. ಪೂರ್ತಿ ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷ ಕಳೆದ ಮೇಲೆ ಬೇಗ ಬೇಗ ಕುಸಿಯುತ್ತದೆ. ಆ ಲೆಕ್ಕ ಇವತ್ತಿಗೂ ನನ್ನ ಎದೆ ನಡುಗಿಸುತ್ತದೆ.

ನಮ್ಮ ಪತ್ರಿಕೆಗಳು ಹಿಮ ಬಿದ್ದರೂ ಹಿಮಪಾತ, ಜಾರಿದರೂ ಹಿಮಪಾತ ಎನ್ನುತ್ತವೆ. ನಾನು ಹೇಳುತ್ತಿರುವುದು ಹಿಮಕುಸಿತದ ವಿಷಯ, ಅದರಲ್ಲೂ ವಸಂತದ ಒದ್ದೆ ಕುಸಿತ. ಬಿಸಿಲಿಗೆ ಹಿಮ ಕರಗಿ ನೀರು ಒಳಗಿಳಿದರೆ ಕಣಗಳ ನಡುವಿನ ಬೆಸುಗೆ ಬಿಡುತ್ತದೆ. ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಬೆಳಿಗ್ಗೆ ಇಡೀ ಇಳಿಜಾರು ಹಲಗೆಯಂತಿರುತ್ತದೆ. ಬಿಸಿಲೇರಿ ಮೇಲಿನ ಒಂದೆರಡು ಅಂಗುಲ ಮಾತ್ರ ಬನ್ಸಿ ರವೆಯಂತೆ ಉದುರುದುರಾದಾಗ ಸ್ಕೀ ಮಾಡುವ ಸುಖವೇ ಬೇರೆ. ಇನ್ನೊಂದೆರಡು ಗಂಟೆ ಕಳೆದರೆ ಅದೇ ಜಾಗ ಅಂಬಲಿ.

ಹಾಗಾಗಿ ಈಗ ನಾನು ಮೊದಲು ಕೇಳಿಕೊಳ್ಳುವುದು ಇವತ್ತಿನ ಹವೆಯನ್ನಲ್ಲ, ನಿನ್ನೆ ರಾತ್ರಿಯದನ್ನು. ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣಾಂಶ ಸೊನ್ನೆಗಿಂತ ತುಸು ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟುವುದುಂಟು. ಮೋಡ ಕವಿದಿದ್ದರೆ ಕಂಬಳಿ ಹೊದಿಸಿದ ಹಾಗೆ, ಶಾಖ ಅಲ್ಲೇ ಉಳಿಯುತ್ತದೆ. ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ದಿನನಿತ್ಯದ ಹಿಮಕುಸಿತ ಮುನ್ಸೂಚನೆ ಸಾಮಾನ್ಯವಾಗಿ ಏಪ್ರಿಲ್ ಮುಗಿಯುವ ಹೊತ್ತಿಗೆ ನಿಂತುಹೋಗುತ್ತದೆ. ಆಮೇಲೆ ರೇನಿಯರ್ ಮೇಲಿರುವ ಪ್ಯಾರಡೈಸ್ ಮತ್ತು ಕ್ಯಾಂಪ್ ಮ್ಯೂರ್‌ನ ಹವಾಮಾನ ಯಂತ್ರಗಳ ಅಂಕಿಗಳನ್ನು ನಾವೇ ಓದಿಕೊಳ್ಳಬೇಕು.

ಬೀಕನ್ (ಹೂತವರನ್ನು ಹುಡುಕಲು ಸಂಕೇತ ಕಳಿಸುವ ಪುಟ್ಟ ಯಂತ್ರ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಬೇಕು. ಬೀಕನ್ ಆನ್ ಆಗಿದೆಯೇ ಎಂದು ಕಾರಿನ ಪಕ್ಕದಲ್ಲೇ ಪರೀಕ್ಷಿಸುತ್ತೇವೆ. 30 ಡಿಗ್ರಿಗಿಂತ ಕಡಿದಾದ ಕಡೆ ಒಬ್ಬರಾದ ಮೇಲೆ ಒಬ್ಬರು. ಪೂರ್ವದ ಇಳಿಜಾರು ಮೊದಲು ಮೆತ್ತಗಾಗುತ್ತದೆ, ಆಮೇಲೆ ದಕ್ಷಿಣ, ಕೊನೆಗೆ ಪಶ್ಚಿಮ. ಬಂಡೆಗಳ ಬುಡದಿಂದ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಬೂಟು ಪಾದ ಮುಳುಗುವಷ್ಟು ಇಳಿದರೆ, ಆಗಲೇ ತಡವಾಗಿದೆ ಎಂದರ್ಥ.

ಹೋದ ವರ್ಷ ಇದೇ ದಾರಿ, ಬೆಳಿಗ್ಗೆ ಐದೂವರೆ. ರಾತ್ರಿಯೆಲ್ಲ ಇದ್ದ ಮೋಡ ಆಗಷ್ಟೇ ಸರಿದು ಶಿಖರ ಹೊಳೆಯುತ್ತಿತ್ತು. ಮೇಲೆ ಗಟ್ಟಿ ಪೊರೆ ಇತ್ತು, ಆದರೆ ಊರುಗೋಲು ಒತ್ತಿದರೆ ಸಲೀಸಾಗಿ ಒಳಗಿಳಿಯಿತು. "ಕೆಳಗೆ ಬರೀ ನೀರು ಕಣೋ, ವಾಪಸ್ ಹೋಗೋಣ" ಎಂದ ಗೆಳೆಯ. ತಿರುಗಿದೆವು. ನಮ್ಮ ಹಿಂದೆ ಬಂದ ನಾಲ್ವರು ಹತ್ತಿದರು, ಸುಖವಾಗಿ ಇಳಿದೂ ಬಂದರು. ಅಂದು ಆ ಇಳಿಜಾರಿನಲ್ಲಿ ಏನೂ ಜಾರಲಿಲ್ಲ. ಕಾರಿನ ಹತ್ತಿರ ಕಾಫಿ ಕುಡಿಯುತ್ತಾ ಅವರನ್ನು ನೋಡುತ್ತಿದ್ದಾಗ ಹೊಟ್ಟೆ ಉರಿಯಿತು ನಿಜ. ಆದರೂ ಮುಂದಿನ ಶನಿವಾರ ಅಂಥದೇ ಪೊರೆ ಸಿಕ್ಕಾಗ ಮತ್ತೆ ತಿರುಗಿದೆವು.