ಹುಣಸೆಬೀಜದ ಬಾಜಿ: ಬ್ಯಾಸ್ಕೆಟ್‌ಬಾಲ್ ಲೆಕ್ಕವನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಬಗೆ

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಮುಂಬಯಿಯಲ್ಲಿ ಕೂತು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯದ ಮೇಲೆ ದುಡ್ಡು ಕಟ್ಟಲು ನೆಟ್ಟಗಿನ ದಾರಿ ಯಾವುದೂ ಇಲ್ಲ. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ ಇನ್ನೂ ಜಾರಿಯಲ್ಲಿದೆ. ಮಹಾಲಕ್ಷ್ಮಿ ರೇಸ್‌ಕೋರ್ಸ್‌ನ ಕುದುರೆಗೆ ಅದರಲ್ಲಿ ವಿನಾಯಿತಿ ಉಂಟು, ಬ್ಯಾಸ್ಕೆಟ್‌ಬಾಲ್‌ಗೆ ಇಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಂತೂ, ಕೌಶಲವೋ ಅದೃಷ್ಟವೋ ಎಂದು ಕೇಳದೆ, ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಅದರಲ್ಲಿ ಶಿಕ್ಷೆ ಇಲ್ಲ ಎಂದು ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ಹೊರದೇಶದ ತಾಣಗಳು ದುಡ್ಡು ತರಿಸಿಕೊಳ್ಳುವುದು ಯಾರದೋ ಬಾಡಿಗೆ ಖಾತೆಗೆ. ಆ ಖಾತೆಯ ಮೇಲೆ ಸೈಬರ್ ದೂರು ದಾಖಲಾದರೆ ಅದರೊಡನೆ ವ್ಯವಹರಿಸಿದ ನಮ್ಮ ಖಾತೆಗೂ ತಡೆ ಬೀಳಬಹುದು. ಗೆದ್ದದ್ದನ್ನು ಕೊಡದಿದ್ದರೆ ಕೋರ್ಟಿಗೆ ಹೋಗುವಂತೆಯೂ ಇಲ್ಲ, ಏಕೆಂದರೆ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ.

ಹಾಗಾಗಿ ನನ್ನ ಪದ್ಧತಿ ಇಷ್ಟೇ: ದುಡ್ಡನ್ನು ಪೂರ್ತಿ ಹೊರಗಿಟ್ಟು ಉಳಿದದ್ದೆಲ್ಲವನ್ನೂ ಒಳಗಿಟ್ಟುಕೊಳ್ಳುವುದು. ಲೈನ್ (ಒಂದು ತಂಡ ಎಷ್ಟು ಅಂಕದಿಂದ ಗೆಲ್ಲಬೇಕು ಎಂದು ಬಾಜಿಯವರು ಇಡುವ ಗಡಿ), ರೇಟು, ಊಹೆ, ಸೋಲು, ಗೆಲುವು, ವಾರದ ಲೆಕ್ಕ ಎಲ್ಲ ಉಂಟು. ರೂಪಾಯಿಯ ಜಾಗದಲ್ಲಿ ಹುಣಸೆಬೀಜ.

ಬೀಜ ಎಂದದ್ದು ಮಾತಿಗಲ್ಲ. ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಎಣಿಸಿದ 100 ಹುಣಸೆಬೀಜ, ಪಕ್ಕದಲ್ಲಿ ಒಂದು ಖಾಲಿ ಬಟ್ಟಲು. ಮೊಬೈಲ್‌ನಲ್ಲಿ ಅಂಕೆ ಬರೆದಿಟ್ಟರೆ ಸಾಲದೇ ಎಂದರೆ, ಸಾಲದು. ಅಂಕೆ ಅಳಿಸುವುದು ಸುಲಭ, ಹೆಚ್ಚಿಸುವುದು ಇನ್ನೂ ಸುಲಭ. ಬೀಜವನ್ನು ಬಾಟಲಿಯಿಂದ ತೆಗೆದು ಬಟ್ಟಲಿಗೆ ಹಾಕುವಾಗ ಟಣ್ ಎಂದು ಸದ್ದಾಗುತ್ತದೆ, ಬಾಟಲಿಯ ಮಟ್ಟ ಇಳಿದದ್ದು ಮನೆಮಂದಿಗೆಲ್ಲ ಕಾಣುತ್ತದೆ. ಚೌಕಾಬಾರ ಆಡಿ ಬೆಳೆದವರಿಗೆ ಬೀಜಕ್ಕಿರುವ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಊಹೆಗೆ ಒಂದೇ ಬೀಜ. ಎಷ್ಟೇ ಖಾತ್ರಿ ಎನಿಸಿದರೂ ಒಂದೇ. ವಾರಕ್ಕೆ 8 ಊಹೆ, ಅದಕ್ಕಿಂತ ಹೆಚ್ಚಿಲ್ಲ. ಎನ್‌ಬಿಎ ಲೀಗ್ ಹಂತದಲ್ಲಿ 30 ತಂಡಗಳು ತಲಾ 82ರಂತೆ ಒಟ್ಟು 1,230 ಪಂದ್ಯ ಆಡುತ್ತವೆ. ಅಕ್ಟೋಬರ್ ಕೊನೆಯಿಂದ ಏಪ್ರಿಲ್ ನಡುವಿನವರೆಗಿನ ಸುಮಾರು 25 ವಾರಕ್ಕೆ ನನ್ನ ಪಾಲು 200. ಉಳಿದ ಸಾವಿರ ಚಿಲ್ಲರೆಯನ್ನು ಕೈಬಿಡುವುದೇ ಈ ಹವ್ಯಾಸದ ಮುಕ್ಕಾಲು ಕೆಲಸ.

200 ಊಹೆಗೆ 100 ಬೀಜ ಸಾಕೇ? ಧಾರಾಳ ಸಾಕು. ಸಾಮಾನ್ಯ ಲೈನ್‌ನ ಎರಡೂ ಕಡೆಗೆ ರೇಟು 1.91 ಇರುತ್ತದೆ, ಅಂದರೆ 1 ಇಟ್ಟು ಗೆದ್ದರೆ ಇಟ್ಟದ್ದೂ ಸೇರಿ 1.91 ಬರುತ್ತದೆ. ಇದರಲ್ಲಿ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಲು 100ಕ್ಕೆ 52.4 ಗೆಲ್ಲಬೇಕು. ನಾಣ್ಯ ಚಿಮ್ಮಿ ಬರೆದರೆ ಗೆಲುವು 50ರ ಹತ್ತಿರ ನಿಂತು 200 ಊಹೆಗೆ ಸುಮಾರು 9 ಬೀಜ ಹೋಗುತ್ತದೆ. ಅದೃಷ್ಟದ ಏರಿಳಿತ ಅದರ ಹಿಂದೆ ಮುಂದೆ 13-14 ಬೀಜ. ಎಂಥ ಕೆಟ್ಟ ವರ್ಷದಲ್ಲೂ 40-50 ಬೀಜದಾಚೆ ಹೋಗುವುದು ಅಪರೂಪದಲ್ಲಿ ಅಪರೂಪ. ಆದ್ದರಿಂದ ಬಾಟಲಿ ತಳ ಕಂಡರೆ ಅರ್ಥ ಒಂದೇ: ನಿಯಮ ಎಲ್ಲೋ ಮುರಿದಿದೆ. ಒಂದರ ಬದಲು ಎರಡು ಇಟ್ಟಿದ್ದಾರೆ, ಎಂಟರ ಬದಲು ಇಪ್ಪತ್ತು ಬರೆದಿದ್ದಾರೆ. ಅದನ್ನು ತೋರಿಸಿಕೊಡುವುದಕ್ಕೇ ಬಾಟಲಿ ಇರುವುದು.

ಗೆದ್ದಾಗ ಸಿಗುವ 0.91 ಬೀಜವನ್ನು ತುಂಡು ಮಾಡಲಾಗುವುದಿಲ್ಲವಲ್ಲ. ಇಟ್ಟ ಬೀಜ ಮಾತ್ರ ಬಟ್ಟಲಿಂದ ಬಾಟಲಿಗೆ ಮರಳುತ್ತದೆ, 0.91 ಪುಸ್ತಕದಲ್ಲಿ ಜಮೆ. ಸೋತ ಬೀಜ ಬಟ್ಟಲಲ್ಲೇ ಉಳಿಯುತ್ತದೆ. ಭಾನುವಾರ ಜಮೆ ಕೂಡಿಸಿ, ಪೂರ್ಣ ಸಂಖ್ಯೆಯಷ್ಟು ಬೀಜ ಬಾಟಲಿಗೆ ಹಾಕಿ, ದಶಾಂಶವನ್ನು ಮುಂದಿನ ವಾರಕ್ಕೆ ಒಯ್ಯುತ್ತೇನೆ.

ಪುಸ್ತಕ ಕೆಂಪು ಬಟ್ಟೆ ರಟ್ಟಿನ ಲೆಕ್ಕದ ಪುಸ್ತಕ, ಅಂಗಡಿಯವರು ಉದ್ರಿ ಬರೆಯುವಂಥದ್ದು. ಪುಟಕ್ಕೆಲ್ಲ ಮೊದಲೇ ಸಂಖ್ಯೆ ಹಾಕಿಡಬೇಕು, ಪೆನ್ಸಿಲ್ ಕೂಡದು. ಒಂದು ಸಾಲು ಹೀಗಿರುತ್ತದೆ ಎಂದುಕೊಳ್ಳಿ: “ಬುಧ ರಾತ್ರಿ 9.40. ನಾಳೆ ಬೆಳಗಿನ ಪಂದ್ಯ. ಡೆನ್ವರ್ –4.5, ರೇಟು 1.91. ಕಾರಣ: ಡೆನ್ವರ್ ತನ್ನೂರಲ್ಲಿ, ಎದುರಾಳಿಗೆ ನಾಲ್ಕು ರಾತ್ರಿಯಲ್ಲಿ ಇದು ಮೂರನೇ ಪಂದ್ಯ. ಯೋಕಿಚ್ ಆಡದಿದ್ದರೆ ರದ್ದು. ನನ್ನ ನಂಬಿಕೆ 55.” ಬಲಗಡೆ ಮೂರು ಅಂಕಣ ಖಾಲಿ: ಪಂದ್ಯ ಶುರುವಾಗುವ ಹೊತ್ತಿನ ಲೈನ್, ಫಲಿತಾಂಶ, ಜಮೆ. –4.5 ಎಂದರೆ ಡೆನ್ವರ್ 5 ಅಂಕದಿಂದಲಾದರೂ ಗೆಲ್ಲಬೇಕು. ಯೋಕಿಚ್ ಆ ತಂಡದ ಮುಖ್ಯ ಆಟಗಾರ. ನಂಬಿಕೆ 55 ಎಂದರೆ ಊಹೆ ಗೆಲ್ಲುವ ಸಾಧ್ಯತೆ ನೂರಕ್ಕೆ 55 ಎಂಬ ನನ್ನ ಅಂದಾಜು. ಲೈನ್‌ಗಾಗಿ ಬೆಟ್ಟಿಂಗ್ ತಾಣ ತೆರೆಯುವ ಅಗತ್ಯ ಇಲ್ಲ, ಅಮೆರಿಕದ ಕ್ರೀಡಾ ಸುದ್ದಿ ತಾಣಗಳು ವೇಳಾಪಟ್ಟಿಯ ಪಕ್ಕದಲ್ಲೇ ಕೊಟ್ಟಿರುತ್ತವೆ.

ಈ ಸಾಲಿನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು 9.40 ಎಂಬ ಸಮಯ. ರಾತ್ರಿ 10ಕ್ಕೆ ಪುಸ್ತಕ ಮುಚ್ಚುತ್ತದೆ, ಆಮೇಲೆ ಒಂದಕ್ಷರ ಸೇರಿಸುವ ಹಾಗಿಲ್ಲ. ನ್ಯೂಯಾರ್ಕಿನ ಸಂಜೆ 7 ಗಂಟೆ ನಮಗೆ ಚಳಿಗಾಲದಲ್ಲಿ ಬೆಳಗಿನ 5.30. ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಟ್ಟಿರುವ ತಿಂಗಳುಗಳಲ್ಲಿ 4.30. ಪಶ್ಚಿಮ ಕರಾವಳಿಯ 7.30ರ ಪಂದ್ಯ ಇಲ್ಲಿ ಚಳಿಗಾಲದ ಬೆಳಗ್ಗೆ 9ಕ್ಕೆ ಶುರುವಾಗಿ 11.30ರ ಸುಮಾರಿಗೆ ಮುಗಿಯುತ್ತದೆ. ಅಂದರೆ ಮುಂಬಯಿಯವರಿಗೆ ಈ ಆಟ ಸುಪ್ರಭಾತದಿಂದ ಆಫೀಸಿನ ಮೊದಲ ಮೀಟಿಂಗ್‌ವರೆಗೆ ಹರಡಿಕೊಂಡಿದೆ. ನಿದ್ದೆಗೆಟ್ಟು ನೋಡುವುದು, ಲೋಕಲ್‌ನ ಬಾಗಿಲಲ್ಲಿ ಜೋತುಬಿದ್ದು ಸ್ಕೋರ್ ತೆರೆಯುವುದು, ಒಂಬತ್ತರ ಪಂದ್ಯದಲ್ಲಿ ಐದೂವರೆಯ ಸೋಲನ್ನು ಸರಿದೂಗಿಸಿಕೊಳ್ಳೋಣ ಎನ್ನುವುದು, ಈ ಮೂರೂ ಸಮಯದ ಕಾಯಿಲೆಗಳು. ಹಿಂದಿನ ರಾತ್ರಿಯೇ ಎಲ್ಲ ಬರೆದುಬಿಟ್ಟರೆ ಸರಿದೂಗಿಸಲು ಜಾಗವೇ ಉಳಿಯುವುದಿಲ್ಲ. ಸ್ಕೋರ್ ನೋಡುವುದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದ ಮೇಲೆ, ಆ ದಿನದವನ್ನೆಲ್ಲ ಒಟ್ಟಿಗೇ. ಪಂದ್ಯ ನೋಡುವ ಆಸೆಯಾದರೆ ಊಹೆ ಬರೆಯದ ಪಂದ್ಯವನ್ನು ರಜೆಯ ದಿನ ನೋಡುತ್ತೇನೆ. ಆಟದ ಸೊಗಸು ಆಗಲೇ ಕಣ್ಣಿಗೆ ಬೀಳುವುದು.

ರಾತ್ರಿ 10ರ ಗಡುವಿಗೆ ಒಂದು ತೊಂದರೆ ಉಂಟು. ಗಾಯಾಳುಗಳ ವಿವರವನ್ನು ತಂಡಗಳು ಹಿಂದಿನ ದಿನ ಸಂಜೆ 5ರೊಳಗೆ ಕೊಡಬೇಕೆಂಬ ನಿಯಮವಿದೆ. ಸತತ ಎರಡು ರಾತ್ರಿ ಆಡುವ ತಂಡಕ್ಕೆ ಮಾತ್ರ ಎರಡನೇ ಪಂದ್ಯದ ವಿವರ ಕೊಡಲು ಅದೇ ದಿನದ ಮಧ್ಯಾಹ್ನದವರೆಗೆ ಸಮಯ. ಅಷ್ಟೊತ್ತಿಗೆ ನಮ್ಮಲ್ಲಿ ರಾತ್ರಿ 10 ದಾಟಿರುತ್ತದೆ. ಆದ್ದರಿಂದ ಸತತ ರಾತ್ರಿಗಳ ಎರಡನೇ ಪಂದ್ಯವನ್ನು ನಾನು ಮುಟ್ಟುವುದೇ ಇಲ್ಲ. ಉಳಿದವಕ್ಕೆ “ಇಂಥವರು ಆಡದಿದ್ದರೆ ರದ್ದು” ಎಂಬ ಷರತ್ತು ಮೊದಲೇ ಇರಬೇಕು. ಬೆಳಿಗ್ಗೆ ಎದ್ದು ಸೇರಿಸಿದ ಷರತ್ತು ಷರತ್ತಲ್ಲ, ನೆವ.

ಒಬ್ಬ ಆಟಗಾರ ಎಷ್ಟು ಅಂಕ ಗಳಿಸುತ್ತಾನೆ, ಎಷ್ಟು ರಿಬೌಂಡ್ (ಬುಟ್ಟಿ ತಪ್ಪಿ ಮರಳಿದ ಚೆಂಡು) ಹಿಡಿಯುತ್ತಾನೆ ಎಂಬ ಊಹೆಗಳನ್ನೂ ಪೂರ್ತಿ ಬಿಟ್ಟಿದ್ದೇನೆ. ಟೊರಾಂಟೊ ತಂಡದ ಜಾಂಟೆ ಪೋರ್ಟರ್‌ನನ್ನು ಎನ್‌ಬಿಎ 2024ರ ಏಪ್ರಿಲ್‌ನಲ್ಲಿ ಆಜೀವ ನಿಷೇಧಿಸಿದ್ದು ಇಂಥ ಬಾಜಿಯ ಕಾರಣಕ್ಕೇ. ಹುಷಾರಿಲ್ಲ ಎಂದು ಅಂಕಣ ಬಿಟ್ಟು ಹೊರಟರೆ ಸಾಕು, ‘ಇಷ್ಟಕ್ಕಿಂತ ಕಡಿಮೆ’ ಎಂದು ಕಟ್ಟಿದವರು ಗೆಲ್ಲುತ್ತಾರೆ. ಒಬ್ಬನ ಕೈಯಲ್ಲಿರುವ ಫಲಿತಾಂಶಕ್ಕೆ ಹುಣಸೆಬೀಜವನ್ನೂ ಇಡಬಾರದು.

ನಾಲ್ಕೈದು ಪಂದ್ಯ ಕಟ್ಟು ಕಟ್ಟಿ ಹತ್ತಾರು ಪಟ್ಟು ಕೊಡುತ್ತೇವೆನ್ನುವ ಕಾಂಬೊ ಇದೆಯಲ್ಲ, ಅದರ ಗಣಿತವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು. 1.91ನ್ನು ನಾಲ್ಕು ಸಲ ಗುಣಿಸಿದರೆ 13.31. ನಾಲ್ಕೂ ಸಮಬಲದ ಊಹೆ ಒಟ್ಟಿಗೆ ನಿಜವಾಗುವ ಸಾಧ್ಯತೆ 16ರಲ್ಲಿ ಒಂದು, ನ್ಯಾಯದ ಬೆಲೆ 16. ಒಂಟಿ ಊಹೆಯಲ್ಲಿ 100ಕ್ಕೆ ನಾಲ್ಕೂವರೆ ಕಳೆದರೆ ಇಲ್ಲಿ ಹೆಚ್ಚುಕಡಿಮೆ 17. ಜಾಹೀರಾತಿನಲ್ಲಿ ಇದನ್ನೇ ಮುಂದೆ ಮಾಡುವುದು ಏಕೆಂದು ಬೇರೆ ಹೇಳಬೇಕಿಲ್ಲ.

ಈಗ ಸೋಲಿನ ಸಾಲು. ನೂರಕ್ಕೆ 52 ಗೆಲ್ಲುವವರಿಗೂ 200 ಊಹೆಗಳಲ್ಲಿ ಒಮ್ಮೆ ಸತತ ಆರು ಸೋಲು ಬರುವುದು ತೀರಾ ಸಹಜ. ಸೋತಾಗ ದುಪ್ಪಟ್ಟು ಇಡುವವರ ಲೆಕ್ಕ ಅಲ್ಲೇ ಮುಗಿಯುತ್ತದೆ: 1, 2, 4, 8, 16, 32 ಸೇರಿ 63 ಬೀಜ ಹೋಯಿತು, ಏಳನೆಯದಕ್ಕೆ 64 ಬೇಕು, ಬಾಟಲಿಯಲ್ಲಿ 37 ಇದೆ. ಬೀಜದಲ್ಲಿ ಇದನ್ನು ಒಮ್ಮೆ ನೆಲದ ಮೇಲೆ ಹರಡಿ ನೋಡಿದರೆ ಜೀವಮಾನಕ್ಕೆ ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ದಯವಿಟ್ಟು ಕೂರಿಸಿಕೊಂಡು ಮಾಡಿ ತೋರಿಸಿ.

ಬ್ಯಾಸ್ಕೆಟ್‌ಬಾಲ್‌ಗೆ ತನ್ನದೇ ಒಂದು ಕಾಟವಿದೆ. ಸೋಲು ಇಲ್ಲಿ ಯಾವಾಗಲೂ ‘ಸ್ವಲ್ಪದರಲ್ಲಿ ತಪ್ಪಿತು’ ಎಂಬಂತೆ ಕಾಣುತ್ತದೆ. ಡೆನ್ವರ್ ಹನ್ನೆರಡು ಅಂಕ ಮುಂದಿರುತ್ತದೆ, ಪಂದ್ಯ ಕೈಗೆ ಬಂತೆಂದು ಮುಖ್ಯ ಆಟಗಾರರನ್ನು ಬೆಂಚಿಗೆ ಕರೆಸುತ್ತಾರೆ, ಕೊನೆಯ ಎರಡು ನಿಮಿಷದಲ್ಲಿ ಅಂತರ ನಾಲ್ಕಕ್ಕೆ ಇಳಿಯುತ್ತದೆ. ತಂಡ ಗೆದ್ದಿತು, –4.5 ಸೋತಿತು. ಎರಡೂ ತಂಡಗಳ ಒಟ್ಟು ಅಂಕ ಎಷ್ಟಾಗುತ್ತದೆ ಎಂಬ ಊಹೆಯಲ್ಲಿ ಇದರ ತದ್ವಿರುದ್ಧ. ಹಿಂದಿರುವ ತಂಡ ಗಡಿಯಾರ ನಿಲ್ಲಿಸಲು ಬೇಕೆಂದೇ ಫೌಲ್ ಮಾಡುತ್ತದೆ, ಫ್ರೀ ಥ್ರೋಗಳ ಮೇಲೆ ಫ್ರೀ ಥ್ರೋ, ಮಲಗಿದ್ದ ಮೊತ್ತ ಎದ್ದು ಕೂರುತ್ತದೆ. ಇದು ಮೋಸವಲ್ಲ, ಆಟದ ರಚನೆಯೇ ಹಾಗೆ. ಲೈನ್‌ಗೂ ನಿಜವಾದ ಅಂತರಕ್ಕೂ ಸರಾಸರಿ ಹತ್ತು ಹನ್ನೆರಡು ಅಂಕಗಳ ತೂಗಾಟ ಇದ್ದದ್ದೇ. 2019ರ ಅಕ್ಟೋಬರ್ 4ರಂದು ನಮ್ಮ ವರ್ಲಿಯ ಡೋಮ್‌ನಲ್ಲೇ ಇಂಡಿಯಾನಾ ಪೇಸರ್ಸ್ ತಂಡ ಸ್ಯಾಕ್ರಮೆಂಟೊ ಕಿಂಗ್ಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 132–131ರಿಂದ ಗೆದ್ದಿತು. ಮರುದಿನ ಅದೇ ಎರಡು ತಂಡ, ಅದೇ ಅಂಕಣ, 130–106. ಒಂದು ಅಂಕದ ಅಂತರ ಒಂದೇ ರಾತ್ರಿಯಲ್ಲಿ ಇಪ್ಪತ್ತನಾಲ್ಕಾಯಿತು. ಅದಕ್ಕೇ ನನ್ನ ಪುಸ್ತಕದಲ್ಲಿ ‘ಸ್ವಲ್ಪದರಲ್ಲಿ’ ಎಂಬ ಷರಾಕ್ಕೆ ಜಾಗವಿಲ್ಲ. ‘ಗೆ’ ಅಥವಾ ‘ಸೋ’, ಎರಡೇ ಅಕ್ಷರ.

200 ಊಹೆಗೆ 108 ಗೆದ್ದರೆ ಶೇಕಡಾ 54. ಬೀಗುವ ಮೊದಲು ನೆನಪಿಡಬೇಕು, ಬರೀ ನಾಣ್ಯ ಚಿಮ್ಮುವವರಲ್ಲೂ ಏಳರಲ್ಲಿ ಒಬ್ಬರಿಗೆ ಇಷ್ಟು ಬರುತ್ತದೆ. ಇದಕ್ಕಿಂತ ಒಳ್ಳೆಯ ಅಳತೆ ಆ ಖಾಲಿ ಅಂಕಣದಲ್ಲಿದೆ: ನಾನು –4.5 ಬರೆದದ್ದು ಪಂದ್ಯ ಶುರುವಾಗುವ ಹೊತ್ತಿಗೆ –6 ಆಗಿದ್ದರೆ ನನ್ನ ಓದು ಸರಿ, –3 ಆಗಿದ್ದರೆ ನನಗೆ ಗೊತ್ತಿಲ್ಲದ್ದು ಜಗತ್ತಿಗೆ ಗೊತ್ತಿತ್ತು. ನಂಬಿಕೆಯ ಅಂಕೆಯನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸುತ್ತೇನೆ. ‘60’ ಎಂದು ಬರೆದವನ್ನೆಲ್ಲ ಗುಡ್ಡೆ ಹಾಕಿದರೆ ಗೆದ್ದದ್ದು ಬಹುತೇಕ 50ರ ಆಸುಪಾಸು. ಈ ಒಂದು ಸಾಲು ಯಾವ ಉಪದೇಶಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ದುಡ್ಡಿನ ಕಡೆಯ ಬಾಗಿಲುಗಳನ್ನೂ ಮುಚ್ಚಬೇಕು, ಇದಕ್ಕೆ ಅರ್ಧ ಗಂಟೆ ಸಾಕು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಬಂದ್. ಯುಪಿಐ ದಿನದ ಮಿತಿ ಮನೆಖರ್ಚಿಗೆ ಬೇಕಾದಷ್ಟು ಮಾತ್ರ. ಫೋನಿನಲ್ಲಿ ಹೊರಗಿನ ಎಪಿಕೆ (ಆ್ಯಪ್ ಕಡತ) ಹಾಕಿಕೊಳ್ಳುವ ಅನುಮತಿ ಬಂದ್. ‘ಇವತ್ತಿನ ಖಾತ್ರಿ ಟಿಪ್’ ಎನ್ನುವ ಟೆಲಿಗ್ರಾಮ್ ಚಾನೆಲ್‌ಗಳಿಂದ ಹೊರಗೆ. ಜಾಹೀರಾತಿನ ಕರೆ, ಮೆಸೇಜು ತಡೆಯಲು 1909.

ಜತೆಗಾರರು ಇದ್ದರೆ ಹವ್ಯಾಸ ಗಟ್ಟಿಯಾಗುತ್ತದೆ, ಹಾಳಾಗುವುದೂ ಅಲ್ಲಿಂದಲೇ. “ಬರೀ ಬೀಜದಲ್ಲಿ ಏನುಂಟು ಮಾರಾಯಾ, ಒಂದು ಐವತ್ತು ರೂಪಾಯಿ ಇಡುವ” ಎಂಬ ಮಾತು ಬಂದೇ ಬರುತ್ತದೆ. ಸೋತವರು ಚಹಾ ಕುಡಿಸುವುದು ಎಂಬುದಕ್ಕೂ ನಾನು ಒಪ್ಪುವುದಿಲ್ಲ. ಚಹಾ ಊಟವಾಗುತ್ತದೆ, ಊಟ ನಗದಾಗುತ್ತದೆ. ಈ ಊರಿನ ಮಟ್ಕಾ, ನಮ್ಮೂರ ಕಡೆ ಓಸಿ ಎನ್ನುತ್ತಾರಲ್ಲ, ಅದು ಹುಟ್ಟಿದ್ದೂ ನ್ಯೂಯಾರ್ಕಿನಿಂದ ಬರುತ್ತಿದ್ದ ಹತ್ತಿಯ ದರದ ಅಂಕೆಯನ್ನು ಊಹಿಸುವ ಆಟದಿಂದಲೇ. ಮಿಲ್ ಕಾರ್ಮಿಕರ ಎಷ್ಟು ಮನೆಗಳ ಸಂಬಳ ಅದರಲ್ಲಿ ಕರಗಿತೆಂದು ಹಿರಿಯರನ್ನು ಕೇಳಿದರೆ ಸಾಕು. ಸೀಸನ್ ಮುಗಿದ ಮೇಲೆ ಮಾಟುಂಗದಲ್ಲಿ ಕೂತು ಎಲ್ಲರ ಪುಸ್ತಕ ತೆರೆದು ಓದುವುದು, ಇಡ್ಲಿ ಕಾಫಿಯ ಬಿಲ್ಲು ಮಾತ್ರ ಪಕ್ಕಾ ಟಿಟಿಎಂಎಂ, ಅವರವರದು ಅವರವರಿಗೆ.

ಇಷ್ಟೆಲ್ಲ ಇದ್ದೂ ಕೈ ಜಾರಬಹುದು. ಪುಸ್ತಕದಲ್ಲಿಲ್ಲದ ಊಹೆ ತಲೆಯಲ್ಲಿ ಓಡುವುದು, ಪುಸ್ತಕವನ್ನು ಮನೆಯವರಿಂದ ಅಡಗಿಸುವುದು, ಸೋತ ದಿನ ಮಕ್ಕಳ ಮೇಲೆ ರೇಗುವುದು ಕಂಡರೆ ನಾನು ಎರಡು ವಾರ ಬಾಟಲಿ ಮುಟ್ಟುವುದಿಲ್ಲ. ನಿಜವಾದ ದುಡ್ಡು ಈಗಾಗಲೇ ಹೋಗುತ್ತಿದ್ದರೆ, ಸೋತದ್ದನ್ನು ಹಿಂಪಡೆಯಲು ಮತ್ತೆ ಕಟ್ಟುತ್ತಿದ್ದರೆ, ಸಾಲ ಎತ್ತಿದ್ದರೆ ಬೀಜದ ಪದ್ಧತಿ ಅದಕ್ಕೆ ಮದ್ದಲ್ಲ. ಅಂಥವರಿಗೆ ರೇಟು, ಲೈನ್ ಯಾವುದೂ ಕಣ್ಣಿಗೆ ಬೀಳದಿರುವುದೇ ಒಳ್ಳೆಯದು. ಜೂಜಿನ ಗೀಳನ್ನು ವೈದ್ಯಶಾಸ್ತ್ರ ಕಾಯಿಲೆ ಎಂದೇ ಪರಿಗಣಿಸಿದೆ, ಚಿಕಿತ್ಸೆಯೂ ಇದೆ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕರೆಗೆ ಕಾಸಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಏಪ್ರಿಲ್ ನಡುವೆ ಲೀಗ್ ಹಂತ ಮುಗಿದ ದಿನವೇ ನನ್ನ ಪುಸ್ತಕವೂ ಮುಗಿಯುತ್ತದೆ. ಜೂನ್‌ವರೆಗೆ ನಡೆಯುವ ಪ್ಲೇಆಫ್‌ನಲ್ಲಿ ಅದೇ ಎರಡು ತಂಡ ಏಳು ಪಂದ್ಯದವರೆಗೆ ಎದುರುಬದುರಾಗುತ್ತವೆ. ಅಭಿಮಾನ ಲೆಕ್ಕವನ್ನು ನುಂಗುವ ಕಾಲ ಅದು, ಬರೀ ನೋಡುವುದಕ್ಕೆ ಇಟ್ಟುಕೊಂಡಿದ್ದೇನೆ. ಬೀಜಗಳನ್ನು ಮತ್ತೆ ನೂರಕ್ಕೆ ತಂದು ಮೇ ತಿಂಗಳ ಬಿಸಿಲಲ್ಲಿ ಎರಡು ದಿನ ಒಣಗಿಸಿ, ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿಡಬೇಕು. ಇಲ್ಲದಿದ್ದರೆ ಮುಂಬಯಿಯ ಮಳೆಗಾಲದ ತೇವಕ್ಕೆ ಅಕ್ಟೋಬರ್ ಬರುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.