ಧಾರವಾಡದ ಖಾನಾವಳಿ ಲೆಕ್ಕ: ತಿಂಗಳ ಮೆಸ್ಸೋ, ಕೂಪನ್ನೋ?

ಸಪ್ತಾಪುರದ ಕಡೆ ರೂಮ್ ಹಿಡಿದು ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರಿರಲಿ, ಕೆಸಿಡಿಗೆ (ಕರ್ನಾಟಕ ಕಾಲೇಜಿಗೆ) ಹೋಗುವವರಿರಲಿ, ಊಟದ ದುಡ್ಡು ಸೋರುವುದು ಎರಡು ಕಡೆ. ಮುಂಗಡ ಕಟ್ಟಿಯೂ ಉಣ್ಣದೆ ಬಿಟ್ಟ ಊಟ ಒಂದು, ಸಂಜೆಯ ಮಿರ್ಚಿ-ಚಹಾ ಇನ್ನೊಂದು. ಎರಡನ್ನೂ ನಾನು ಕಟ್ಟಿಹಾಕಿದ್ದು ಹೀಗೆ.

ಮೊದಲು ಮೆಸ್. ಲೆಕ್ಕಕ್ಕೆ ತಿಂಗಳಿಗೆ 3,000 ರೂಪಾಯಿ ಅಂತ ಹಿಡಿಯಿರಿ. ದಿನಕ್ಕೆ ಎರಡು ಹೊತ್ತು, 60 ಊಟ; ಊಟಕ್ಕೆ 50 ರೂಪಾಯಿ ಬಿತ್ತು, ಅಗ್ಗವೇ. ಆದರೆ ಯಾರೂ 60 ಊಟ ಉಣ್ಣುವುದಿಲ್ಲ. ರವಿವಾರ ರಾತ್ರಿ ಬಹಳ ಕಡೆ ಒಲೆ ಹಚ್ಚುವುದಿಲ್ಲ, ಅಲ್ಲಿಗೆ 4 ಹೋಯಿತು. ತಿಂಗಳಿಗೆ ಎರಡು ಸಲ ಎರಡೆರಡು ದಿನ ಊರಿಗೆ ಹೋದರೆ ಇನ್ನೂ 8. ಉಳಿಯುವುದು 48 ಊಟ, ಒಂದಕ್ಕೆ 62 ರೂಪಾಯಿ 50 ಪೈಸೆ. ಅದೇ ಖಾನಾವಳಿಯಲ್ಲಿ 30 ಕೂಪನ್ನಿನ ಪುಸ್ತಕ ಊಟಕ್ಕೆ 60ರಂತೆ ಸಿಕ್ಕರೆ ಕೂಪನ್ನೇ ಸೋವಿ. ತಿಂಗಳಿಗೆ 50ಕ್ಕಿಂತ ಹೆಚ್ಚು ಊಟ ಖಂಡಿತ ಉಣ್ಣುವವರಿಗೆ ಮಾತ್ರ ತಿಂಗಳ ಮೆಸ್ ಲಾಭ. ಹಬ್ಬಗಳಿರುವ ತಿಂಗಳಲ್ಲಂತೂ ಅದನ್ನು ಕಟ್ಟಲೇಬೇಡಿ.

ಮುಂಗಡ ಕೊಡುವ ಮೊದಲು ಮೂರು ಸಲ ರೊಕ್ಕ ಕೊಟ್ಟು ಉಂಡು ನೋಡಿ. ಮಧ್ಯಾಹ್ನ ಒಂದಕ್ಕೆ ಒಂದು ಸಲ, ಎರಡೂವರೆಗೆ ಒಂದು ಸಲ, ರಾತ್ರಿ ಒಂದು ಸಲ. ಒಂದಕ್ಕೆ ಎಲ್ಲ ಖಾನಾವಳಿಯೂ ಚೆನ್ನಾಗಿರುತ್ತದೆ. ಪರೀಕ್ಷೆ ಇರುವುದು ಎರಡೂವರೆಗೆ. ಆಗಲೂ ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಸರಿ. ಬೆಳಿಗ್ಗೆ ಬಡಿದು ಒಟ್ಟಿದ ರೊಟ್ಟಿಯಾದರೆ ಅಂಚು ಬಿರುಸು, ನಡು ಒದ್ದೆ. ಎರಡನೆಯದು ಒಳಗಿಳಿಯುವುದಿಲ್ಲ, ಹೊಟ್ಟೆಗೆ ಅನ್ನ ತುಂಬಿಕೊಂಡು ನಾಲ್ಕಕ್ಕೆ ಮತ್ತೆ ಹಸಿಯುತ್ತೀರಿ. ಪಲ್ಯದ ಬಣ್ಣ ನೋಡಿ ಮರುಳಾಗಬೇಡಿ, ಮೇಲೆ ತೇಲುವ ಎಣ್ಣೆ ಯಾರು ಬೇಕಾದರೂ ತೇಲಿಸುತ್ತಾರೆ. ಬ್ಯಾಳಿ ನೋಡಿ. ಮಂದಿ ಹೆಚ್ಚಾದಂತೆ ನೀರು ಬೀಳುವುದು ಅದಕ್ಕೇ.

ಕೇಳಬೇಕಾದ್ದನ್ನು ಕೌಂಟರ್‌ನಲ್ಲಿ ನೇರವಾಗಿ ಕೇಳಿ. ರೊಟ್ಟಿ ಎಷ್ಟು, ಮೇಲಿನದಕ್ಕೆ ಎಷ್ಟು? ಕೂಪನ್ ಎಷ್ಟು ದಿನ ನಡೆಯುತ್ತದೆ? ಗೆಳೆಯ ಬಂದರೆ ನನ್ನ ಕೂಪನ್ ಅವನಿಗೆ ನಡೆಯುತ್ತದೆಯೇ? ಪಾರ್ಸಲ್‌ಗೆ ಬೇರೆ ರೊಕ್ಕವೇ? ಇವುಗಳಲ್ಲಿ ಅವಧಿಯ ಪ್ರಶ್ನೆ ಮರೆತರೆ ಉಳಿದ ಹತ್ತು ಕೂಪನ್ ರದ್ದಿಗೆ ಹೋಗುತ್ತವೆ. ದಿನಾಂಕವನ್ನು ಪುಸ್ತಕದ ಮೇಲೆಯೇ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಉಳಿಸುವುದು ಊರಿನ ಬುತ್ತಿ. ಸವದತ್ತಿ, ನವಲಗುಂದ, ಬೈಲಹೊಂಗಲ ಕಡೆಯವರಿಗೆ ಇದು ಹೊಸದಲ್ಲ. ಕಟಕ ರೊಟ್ಟಿ ಮನೆಯಿಂದ, ಪಲ್ಯ ಖಾನಾವಳಿಯಿಂದ. ಒಂದು ಪಲ್ಯದ ಪಾರ್ಸಲ್ ಇಬ್ಬರಿಗೆ ಸಾಕು. ಇಬ್ಬರು ಕೂಡಿ ರಾತ್ರಿ ಊಟ ಹೀಗೆ ಮಾಡಿದರೆ ಖರ್ಚು ಪೂರ್ತಿ ಊಟದ ಅರ್ಧಕ್ಕೂ ಇಳಿಯುತ್ತದೆ. ಹೆಸರುಕಾಳು, ಮಡಿಕಿಕಾಳು, ಝುಣಕ ಇಸಿದುಕೊಳ್ಳಿ. ಎಣ್ಣೆಗಾಯಿ ಬೇಡ, ಬದನೆಕಾಯಿಗಳನ್ನು ಎಣಿಸಿ ಹಾಕುತ್ತಾರೆ, ಇಬ್ಬರಿಗೆ ಸಾಲುವುದಿಲ್ಲ. ಒಬ್ಬರಿಗೆ ಮೂರು ರೊಟ್ಟಿಯಂತೆ ಇಬ್ಬರಿಗೆ ವಾರದ ಐದು ರಾತ್ರಿಗೆ 30 ರೊಟ್ಟಿ. ಜೊತೆಗೆ ಕಾಲು ಕಿಲೋ ಶೇಂಗಾ ಚಟ್ನಿ, ಅಷ್ಟೇ ಗುರೆಳ್ಳು ಹಿಂಡಿ (ಚಟ್ನಿಪುಡಿ), ಹಸಿ ಉಳ್ಳಾಗಡ್ಡಿ.

ರೊಟ್ಟಿ ಕೆಡುವುದು ಕಟ್ಟುವ ತಪ್ಪಿನಿಂದ. ಬಿಸಿ ಇದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ಹಂಚಿನ ಮೇಲೆ ಕಟಕಟ ಅನ್ನುವವರೆಗೆ ಒಣಗಿಸಿ, ಪೂರ್ತಿ ಆರಿದ ಮೇಲೆ ಅರಿವೆಯಲ್ಲಿ ಸುತ್ತಿ ಕಳಿಸಲು ಮನೆಯಲ್ಲಿ ಹೇಳಿ. ಧಾರವಾಡದ ಆಷಾಢ-ಶ್ರಾವಣದ ಜಿಟಿಜಿಟಿ ಮಳೆಗೆ ಎಂಥ ರೊಟ್ಟಿಯೂ ಮೆತ್ತಗಾಗುತ್ತದೆ. ಬಂದ ದಿನವೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಬಿಡಿ. ಆ ತಿಂಗಳುಗಳಲ್ಲಿ 30ರ ಬದಲು ಎರಡು ಸಲ 15 ತರಿಸುವುದು ಒಳ್ಳೆಯದು. ಊರು ದೂರವಿದ್ದವರು ರೊಟ್ಟಿ ಕೇಂದ್ರದಲ್ಲಿ ಎಣಿಸಿ ಕೊಂಡರೂ ಲೆಕ್ಕ ಗಿಟ್ಟುತ್ತದೆ, ಅಷ್ಟು ಉಳಿಯುವುದಿಲ್ಲ ಅಷ್ಟೇ.

ನಾಷ್ಟಾಕ್ಕೆ ಇಂದಿರಾ ಕ್ಯಾಂಟೀನ್ ಹತ್ತಿರವಿದ್ದರೆ ಬೇರೆ ಮಾತಿಲ್ಲ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗಿನ ದರ, ನಾಷ್ಟಾ 5, ಊಟ 10 ರೂಪಾಯಿ. ಬೇಗ ಹೋಗಿ, ಟೋಕನ್ ಮುಗಿದರೆ ಮುಗಿಯಿತು. ಆದರೆ ಆಟೋ ಹತ್ತಿ ಹೋಗುವಷ್ಟು ದೂರವಿದ್ದರೆ ಬಿಟ್ಟುಬಿಡಿ. ಹುಬ್ಬಳ್ಳಿ ಸಿದ್ಧಾರೂಢ ಮಠದ ಪ್ರಸಾದಕ್ಕೂ ಇದೇ ಮಾತು: ಭಕ್ತಿಗೆ ಹೋಗಿ, ಉಳಿತಾಯಕ್ಕೆ ಬೇಡ. 20 ಕಿಲೋಮೀಟರ್ ಹೋಗಿ ಬರುವ ಖರ್ಚು ಊಟದ್ದನ್ನು ನುಂಗುತ್ತದೆ.

ಸಂಜೆಯದು ಕಠಿಣ. ಗಿರಮಿಟ್ (ಗೊಜ್ಜು ಹಾಕಿ ಕಲಸಿದ ಚುರುಮುರಿ), ಎರಡು ಮಿರ್ಚಿ, ಚಹಾ; ದಿನಕ್ಕೆ 50 ರೂಪಾಯಿ ಅಂದರೂ ತಿಂಗಳಿಗೆ 1,500, ಅರ್ಧ ಮೆಸ್ಸಿನ ದುಡ್ಡು. ಪೂರ್ತಿ ಬಿಡುತ್ತೇನೆಂದವರು ನಾಲ್ಕನೆಯ ದಿನ ದುಪ್ಪಟ್ಟು ತಿನ್ನುತ್ತಾರೆ. ಚಹಾ ಬೈಟು ಮಾಡಿ, ಮಿರ್ಚಿಗೆ ವಾರದಲ್ಲಿ ಎರಡು ದಿನ ಗೊತ್ತು ಮಾಡಿ. ಉಳಿದ ದಿನಕ್ಕೆ ರೂಮಿನಲ್ಲಿ ಚುರುಮುರಿ, ಪುಟಾಣಿ ಹಿಟ್ಟು, ಹುಣಸೆಹಣ್ಣು-ಬೆಲ್ಲದ ಗೊಜ್ಜು ಇರಲಿ. ಒಲೆ ಬೇಕಿಲ್ಲ; ಎರಡು ಹಿಡಿ ಚುರುಮುರಿಗೆ ಒಂದು ಚಮಚ ಗೊಜ್ಜು, ಹೆಚ್ಚಿದ ಉಳ್ಳಾಗಡ್ಡಿ, ಕೊನೆಗೆ ಒಂದು ಚಮಚ ಹಿಟ್ಟು. ಹಿಟ್ಟು ಮೊದಲೇ ಬಿದ್ದರೆ ಗೊಜ್ಜು ಹೀರಿ ಗಂಟು ಕಟ್ಟುತ್ತದೆ. ಕಲಸಿದ ಕೂಡಲೇ ತಿನ್ನಿ, ಐದು ನಿಮಿಷ ಬಿಟ್ಟರೆ ಚುರುಮುರಿ ತೊಗಲಾಗುತ್ತದೆ.

ರವಿವಾರ ರಾತ್ರಿಗೆಂದು ಆರು ರೊಟ್ಟಿ ಬೇರೆ ತೆಗೆದಿಡಿ. ಮಧ್ಯಾಹ್ನವೇ ಪಲ್ಯ ಕಟ್ಟಿಸಿಕೊಂಡರೆ ಸಂಜೆಗೆ ಹುಳಿಯುತ್ತದೆ, ಅದರಲ್ಲೂ ಬೇಸಿಗೆಯಲ್ಲಿ. ಆ ಹೊತ್ತಿಗೆ ಮೊಸರು, ಹಿಂಡಿಯೇ ಸೈ.